ಬಿಡ್ತು ಅನ್ನು

ದೇವರ ಮುಂದಿನ ದೀಪವನ್ನು ಆರಿಸಬೇಕಾದಾಗ ನಮ್ಮ ಮನೆಗಳಲ್ಲಿ ಏನೆನ್ನುತ್ತಾರೆ? ‘ದೀಪ ಆರಿಸು’ ಎನ್ನುತ್ತಾರೆಯೇ? ಇಲ್ಲ. ‘ದೀಪ ಶಾಂತ ಮಾಡು’ ಎನ್ನುತ್ತಾರೆ. ಕೈಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನುತ್ತಾರೆ. ಡಬ್ಬಿಯಲ್ಲಿ ಅಕ್ಕಿ ಮುಗಿದಿದ್ದರೆ ‘ಅಕ್ಕಿ ತುಂಬಿದೆ, ತರಬೇಕು’ ಎನ್ನುತ್ತಾರೆ. ಹೊರಟವನು ‘ಹೋಗುತ್ತೇನೆ’ ಎಂದರೆ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ‘ಹೋಗಿ ಬರುತ್ತೇನೆ ಅನ್ನು’ ಎಂದು ತಿದ್ದುತ್ತಾರೆ. ಏಕೆ? ಮನೆಯ ಮೇಲೆ ಅಸ್ತು ದೇವತೆಗಳು ಸುಳಿದಾಡುತ್ತಿರುತ್ತಾರಂತೆ. ನಾವು ಏನು ಆಡಿದರೆ ಅದಕ್ಕೆ ‘ಅಸ್ತು’ ಎಂದುಬಿಡುತ್ತಾರಂತೆ. ಬಾಯಿ ತಪ್ಪಿ ಯಾರಾದರೂ ಅಶುಭ ನುಡಿದರೆ ಹಿರಿಯರು ತಕ್ಷಣ, ‘ಬಿಡ್ತು ಅನ್ನು, ಬಿಡ್ತು ಅನ್ನು’ ಎಂದು ಗದರುತ್ತಾರೆ. ಅಂದದ್ದು ಅಲ್ಲಿಗೆ ಬಿಟ್ಟುಹೋಗಲಿ ಎಂಬ ಆಸೆ.

ಈ ರೂಢಿಯನ್ನು ಹಳಿಯಲು ನಾನಿಲ್ಲಿ ಕುಳಿತಿಲ್ಲ. ನನ್ನ ಪ್ರಶ್ನೆ ಬೇರೆ. ದೀಪದ ವಿಷಯದಲ್ಲಿ, ಬಳೆಯ ವಿಷಯದಲ್ಲಿ, ಅಕ್ಕಿಯ ಡಬ್ಬಿಯ ವಿಷಯದಲ್ಲಿ ಇಷ್ಟೊಂದು ಎಚ್ಚರವಿರುವ ಬಾಯಿ, ತನ್ನ ವಿಷಯಕ್ಕೆ ಬಂದಾಗ ಆ ಎಚ್ಚರವನ್ನು ಎಲ್ಲಿ ಕಳಚಿಡುತ್ತದೆ? ಉತ್ತರ ಈಗಲೇ ಬೇಡ. ಮೊದಲು ಒಬ್ಬನ ಕಥೆ ಕೇಳಿ.

ಒಂದು ಪೇಟೆ. ಆ ಪೇಟೆಯ ನಡುಬೀದಿಯಲ್ಲಿ ಒಬ್ಬ ಸಿರಿವಂತ. ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆಗಳ ವ್ಯಾಪಾರ ಅವನದು. ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಧಾರೆಯ ಗಿಂಡಿ ಅವನ ಅಂಗಡಿಯಿಂದಲೇ ಹೋಗಬೇಕು. ಏಕೆಂದರೆ ಅವನು ಒಡಕು ಪಾತ್ರೆಯನ್ನು ಮಾರಿದವನಲ್ಲ. ಅವನು ಪಾತ್ರೆಯನ್ನು ಕಣ್ಣಿನಿಂದ ಪರೀಕ್ಷಿಸುತ್ತಿರಲಿಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ನಾದ ಉದ್ದಕ್ಕೆ ಹರಿದರೆ ಗಿರಾಕಿಗೆ. ನಡುವೆ ಕಡಿದುಹೋದರೆ ಮೂಲೆಗೆ. ಯಾರಾದರೂ ಗೃಹಿಣಿ ಅವಸರಪಡಿಸಿದರೆ, “ಹೊಳಪು ನೋಡಿ ಏನು ಗೊತ್ತಾಗತ್ತೆ ತಾಯಿ? ತಟ್ಟದೆ ತೀರ್ಪು ಕೊಡಬಾರದು. ಲೋಹ ತಾನೇ ಮಾತಾಡ್ಬೇಕು” ಎನ್ನುತ್ತಿದ್ದ.

ಎಂಥ ನ್ಯಾಯವಂತ, ನೋಡಿ! ಒಂದು ಚೊಂಬಿಗೂ ಅವನು ಅನ್ಯಾಯ ಮಾಡಿದವನಲ್ಲ. ಶುಭಾಶುಭದ ಮಾತಿನಲ್ಲಂತೂ ಅವನಷ್ಟು ಕಟ್ಟುನಿಟ್ಟಿನವರು ಆ ಬೀದಿಯಲ್ಲೇ ಇರಲಿಲ್ಲ. ಹೆಂಡತಿ ಮರೆತು, “ರೀ, ಎಣ್ಣೆ ಇಲ್ಲ” ಎಂದರೆ, “ಇಲ್ಲ ಅನ್ಬೇಡ್ವೇ! ಬಿಡ್ತು ಅನ್ನು!” ಎಂದು ಅಂಗಡಿಯಿಂದಲೇ ಕೂಗುತ್ತಿದ್ದ.

ಆದರೆ ಅದೇ ಬಾಯಿ ತನ್ನ ಬಗ್ಗೆ ಏನು ಹೇಳುತ್ತಿತ್ತು? “ನಂದು ದರಿದ್ರದ ಕೈ. ಈ ಕೈ ಮುಟ್ಟಿದ್ದು ಮಣ್ಣು.” ಬೆಳಿಗ್ಗೆ ಅದೇ ಮಾತು, ಸಂಜೆ ಅದೇ ಮಾತು.

ಈ ನಂಬಿಕೆ ಎಲ್ಲಿಂದ ಬಂತು? ಬಹಳ ಹಿಂದೆ ಅವನ ತಮ್ಮ ಒಂದು ಮನೆ ಕಟ್ಟಿಸಿದ್ದ. ಅಣ್ಣನೇ ತಳಪಾಯಕ್ಕೆ ಮೊದಲ ಕಲ್ಲು ಇಡಬೇಕೆಂದು ಹಟ ಹಿಡಿದು ಇಡಿಸಿದ್ದ. ಆ ಮಳೆಗಾಲದಲ್ಲಿ ಒಂದು ಗೋಡೆ ಕುಸಿಯಿತು. ಮೇಸ್ತ್ರಿ ಸಿಮೆಂಟು ಕದ್ದಿದ್ದನೆಂದು ಊರಿಗೆಲ್ಲ ತಿಳಿದಿತ್ತು. ಇವನೊಬ್ಬ ಮಾತ್ರ, “ನನ್ನ ಕೈಗುಣ” ಎಂದ. ಅಂದಿನಿಂದ ಅಂಗಡಿಯ ಬಾಗಿಲನ್ನು ತಾನು ತೆರೆಯಲಿಲ್ಲ, ಗುಮಾಸ್ತ ತೆರೆಯಬೇಕು. ದಿನದ ಬೋಣಿಯನ್ನು ಗುಮಾಸ್ತ ಮಾಡಬೇಕು. ಮಕ್ಕಳು ಕಾಲಿಗೆ ಬಿದ್ದರೆ ತಲೆಯ ಮೇಲೆ ಕೈಯಿಟ್ಟು ಹರಸುತ್ತಿರಲಿಲ್ಲ. ದೂರ ಸರಿದು ಕೈ ಜೋಡಿಸುತ್ತಿದ್ದ. ವ್ಯಾಪಾರ ಬೆಳೆಯಿತು. ಬೆಳೆದದ್ದು ಗುಮಾಸ್ತನ ಕೈಗುಣದಿಂದ! ಒಂದು ವರ್ಷ ಕಂಚಿನ ಬೆಲೆ ಬಿದ್ದಿತು. ಬಿದ್ದದ್ದು ತನ್ನ ಕೈಗುಣದಿಂದ! ಇದೆಂಥ ತರ್ಕ, ಹೇಳಿ? ಕೆಟ್ಟದ್ದೆಲ್ಲ ತನ್ನದು, ಒಳ್ಳೆಯದೆಲ್ಲ ಪರರದು. ಸಾವಿರಾರು ಪಾತ್ರೆಗಳನ್ನು ತಟ್ಟಿ ನೋಡಿದ ಮನುಷ್ಯ, ತನ್ನ ಕೈಯನ್ನು ಮಾತ್ರ ತಟ್ಟದೆಯೇ ಒಡಕೆಂದು ಮೂಲೆಗೆ ಎಸೆದ.

ಇದನ್ನೆಲ್ಲ ಯಾರು ಕೇಳಿಸಿಕೊಳ್ಳುತ್ತಿದ್ದರು? ಅಸ್ತು ದೇವತೆಗಳು ಕೇಳಿಸಿಕೊಂಡರೋ ಇಲ್ಲವೋ ನಾನರಿಯೆ. ಆದರೆ ಮನೆಯಲ್ಲಿ ಒಬ್ಬಳು ಮಗಳಿದ್ದಳು. ವಾರಿಜ. ಅವಳು ಕೇಳಿಸಿಕೊಂಡಳು. ತಂದೆಯ ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿತ್ತು. ಮಗಳ ಕಿರುಬೆರಳೂ ಹಾಗೆಯೇ ಬಾಗಿತ್ತು. ರಂಗೋಲಿಯ ಎಳೆ ಕೊಂಚ ಸೊಟ್ಟಗಾದರೆ, “ಇನ್ನೇನಾಗತ್ತೆ? ನಂದೂ ಅಪ್ಪನ ಕೈಯೇ” ಎನ್ನುತ್ತಿದ್ದಳು. ಮೊಸರು ಹೆಪ್ಪುಗಟ್ಟದಿದ್ದರೆ, “ಅಮ್ಮ, ನೀನೇ ಹೆಪ್ಪು ಹಾಕು, ನಂದು ಅಪ್ಪನ ಕೈ” ಎನ್ನುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು. ತಂದೆಯೂ ನಗುತ್ತಿದ್ದ. ನಕ್ಕನಲ್ಲ ಆ ಪುಣ್ಯಾತ್ಮ! ತನ್ನ ಬಾಯಿಂದ ಹೊರಟ ವಿಷ ಮಗಳ ಬಾಯಿಯಲ್ಲಿ ಕುಳಿತಿರುವಾಗ ನಗುವುದೇ?

ಮಗಳಿಗೆ ಮದುವೆ ಗೊತ್ತಾಯಿತು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಊರಿಗೆಲ್ಲ ಸಂತೋಷ. ಆದರೆ ದಿನ ಹತ್ತಿರವಾದಂತೆ ತಂದೆ ಅರ್ಧ ಊಟಕ್ಕೇ ಎಲೆ ಬಿಟ್ಟು ಏಳತೊಡಗಿದ. ಏಕೆಂದರೆ ಧಾರೆ ಎರೆಯುವವನು ಯಾರು? ಹೆಣ್ಣಿನ ತಂದೆ. ವಧೂವರರ ಕೈಗಳು ಕೂಡಿರುವಾಗ ಅವುಗಳ ಮೇಲೆ ಗಿಂಡಿಯಿಂದ ಹಾಲು ನೀರು ಎರೆಯಬೇಕಾದದ್ದು ಯಾವ ಕೈ? ಅದೇ ಕೈ. ಅವನು ಯಾರಿಗೂ ಹೇಳಲಿಲ್ಲ. ಬಟ್ಟೆ ಕೊಳ್ಳುವಾಗ, ಚಪ್ಪರ ಹಾಕಿಸುವಾಗ, ಅಡುಗೆಯವರೊಡನೆ ಮಾತನಾಡುವಾಗ, ಆ ಬಲಗೈಯನ್ನು ಶಲ್ಯದಡಿಯಲ್ಲಿ ಮುಚ್ಚಿಟ್ಟುಕೊಂಡೇ ತಿರುಗಿದ. ಕಳ್ಳನು ಕದ್ದ ಮಾಲನ್ನು ಮುಚ್ಚುವಂತೆ!

ಮುಹೂರ್ತ ಬಂದಿತು. ಅಂತಃಪಟ ಸರಿಯಿತು, ಜೀರಿಗೆ ಬೆಲ್ಲ ಆಯಿತು, ವರನ ಕೈಯ ಮೇಲೆ ವಧು ಕೈಯಿಟ್ಟಳು. “ಕನ್ಯಾಪಿತೃಗಳು ಬರಬೇಕು” ಎಂದು ಪುರೋಹಿತರು ಕರೆದರು. ಹೆಂಡತಿ ಗಿಂಡಿ ಹಿಡಿದು ನಿಂತಿದ್ದಾಳೆ. ಗಂಡ ಎಲ್ಲಿ? ಹುಡುಕಿದರೆ ಉಗ್ರಾಣದ ಬಾಗಿಲಲ್ಲಿ ತೆಂಗಿನಕಾಯಿಯ ಮೂಟೆಗೆ ಒರಗಿ ನಿಂತಿದ್ದಾನೆ. ತಮ್ಮ ಓಡಿಬಂದ.

“ಅಣ್ಣಾ, ಅಲ್ಲಿ ಲಗ್ನ ಮೀರ್ತಿದೆ, ಇಲ್ಲೇನು ಕಾಯಿ ಕಾಯ್ತಾ ನಿಂತಿದೀಯ?”

“ನೀನೇ ಎರೆದುಬಿಡೋ. ಚಿಕ್ಕಪ್ಪ ಎರೆದ್ರೆ ಶಾಸ್ತ್ರಕ್ಕೆ ಅಡ್ಡಿಯಿಲ್ಲ.”

“ಏನಾಗಿದೆ ನಿಂಗೆ?”

“ನಿನ್ನ ಮನೆ ಗೋಡೆ ಮರೆತುಹೋಯ್ತಾ? ಆ ಗತಿ ನನ್ನ ಮಗಳಿಗೆ ಬೇಡ.”

“ಅಯ್ಯೋ ರಾಮ! ಆ ಗೋಡೆ ಬಿದ್ದಿದ್ದು ಮೇಸ್ತ್ರಿ ಕದ್ದಿದ್ದಕ್ಕೆ ಅಂತ ಬೀದಿ ನಾಯಿಗೂ ಗೊತ್ತು. ಆ ಗೋಡೇನ ನಾನು ಎಂದೋ ಎಬ್ಬಿಸಿದೆ. ನೀನಿನ್ನೂ ಅದರಡಿ ಮಲಗಿದೀಯಲ್ಲೋ!”

ಇತ್ತ ಮಂಟಪದಲ್ಲಿ ಏನಾಗುತ್ತಿದೆ? ಚಿಕ್ಕಪ್ಪನೇ ಧಾರೆ ಎರೆಯಲಿ ಎಂಬ ಉಗ್ರಾಣದ ಮಾತು ಆಗಲೇ ಇಲ್ಲಿಗೆ ಮುಟ್ಟಿದೆ. ಓಲಗದವರು ಊದಬೇಕೋ ಬೇಡವೋ ತಿಳಿಯದೆ ಮುಖಮುಖ ನೋಡಿಕೊಳ್ಳುತ್ತಿದ್ದಾರೆ. ಅಕ್ಷತೆ ಹಿಡಿದ ಕೈಗಳು ಬೆವರುತ್ತಿವೆ. ವರನ ಸೋದರತ್ತೆ ಪಕ್ಕದವಳ ಕಿವಿಯಲ್ಲಿ, ಆದರೆ ಮೂರು ಸಾಲಿಗೆ ಕೇಳುವಂತೆ, “ಅಪ್ಪ ಗುಂಡುಕಲ್ಲಿನ ಹಾಗಿದಾರೆ. ಚಿಕ್ಕಪ್ಪ ಯಾಕ್ರೀ ಧಾರೆ ಎರೆಯೋದು? ಹುಡುಗೀಲಿ ಏನೋ ದೋಷ ಮುಚ್ಚಿಟ್ಟಿರಬೇಕು” ಎಂದಳು. ಮಾತು ಜಮಖಾನೆಯ ಕೊನೆಯವರೆಗೆ ಹರಿಯಿತು. ವರನ ತಂದೆ ಎದ್ದು ನಿಂತ. ಪುರೋಹಿತರು, “ಯಜಮಾನರೇ, ಯಾರಾದರೂ ಒಬ್ಬರು ಬನ್ನಿ, ಇನ್ನು ಕ್ಷಣ ಮಾತ್ರ ಉಳಿದಿದೆ” ಎಂದು ಕೂಗಿದರು.

ನೋಡಿ, ಆ ತಂದೆ ತನ್ನ ಕೈಯಿಂದ ಮಗಳನ್ನು ಕಾಪಾಡಲು ಹೊರಟವನು. ಅವನು ಎರೆದದ್ದರಿಂದಲ್ಲ, ಎರೆಯದಿದ್ದದ್ದರಿಂದ ಮಗಳ ಮದುವೆ ಮುರಿಯುವ ಹಂತಕ್ಕೆ ಬಂದು ನಿಂತಿತು!

ಆಗ ವಾರಿಜ ವರನ ಕೈಯ ಮೇಲಿಂದ ತನ್ನ ಕೈಯನ್ನು ತೆಗೆದಳು.

“ಅಪ್ಪಾ, ಇಲ್ಲಿ ಬಾ” ಎಂದಳು.

ಅವನು ಬಂದ. ತಲೆ ಎತ್ತಲಿಲ್ಲ.

“ಯಾಕೆ ಎರೆಯಲ್ಲ?”

“ನನ್ನ ಕೈ ಒಳ್ಳೇದಲ್ಲ ಕಣಮ್ಮಾ. ನಿನ್ನ ಬಾಳಿನ ಮೇಲೆ ಇದು ಬೇಡ.”

ಅವಳು ಮದರಂಗಿ ಹಚ್ಚಿದ ಬಲಗೈಯನ್ನು ಅವನ ಮುಂದೆ ಚಾಚಿದಳು. “ಈ ಕಿರುಬೆರಳು ನೋಡು. ಯಾರದು?”

ಅವನು ತನ್ನ ಬಲಗೈಯನ್ನು ಶಲ್ಯದೊಳಕ್ಕೆ ಇನ್ನಷ್ಟು ಎಳೆದುಕೊಂಡ.

“ನಿಂದೇ ಅಲ್ವಾ? ಇದೇ ಕೈಯಲ್ಲಿ ನಾನು ನಾಳೆ ಅವರ ಮನೇಲಿ ದೀಪ ಹಚ್ಬೇಕು, ಅನ್ನಕ್ಕಿಡಬೇಕು. ಕೆಟ್ಟ ಕೈ ಅಂದ್ರೆ ಈಗ್ಲೇ ಹೇಳಿಬಿಡು, ಎದ್ದುಬಿಡ್ತೀನಿ. ಪಾಪ, ಅವರ ಮನೆ ಯಾಕೆ ಹಾಳಾಗ್ಬೇಕು?”

“ಬಿಡ್ತು ಅನ್ನು!” ಎಂದು ತಂದೆ ಚೀರಿದ. “ಮುಹೂರ್ತದ ಹೊತ್ತಲ್ಲಿ ಎಂಥ ಮಾತೇ ಅದು! ಬಿಡ್ತು ಅನ್ನು!”

“ನಾನು ಅನ್ನಲ್ಲ. ಆ ಮಾತು ನಂದಲ್ಲ. ನಾನು ಹುಟ್ಟೋಕೆ ಮುಂಚಿಂದ ಆಡ್ತಾ ಬಂದಿರೋನು ನೀನು. ಬಿಡ್ತು ಅನ್ಬೇಕಾದೋನೂ ನೀನೇ.” ಅವಳು ಕೈಯನ್ನು ಇನ್ನೂ ಹತ್ತಿರಕ್ಕೆ ಚಾಚಿದಳು. “ತಟ್ಟದೆ ತೀರ್ಪು ಕೊಡಬಾರದು ಅಂತೀಯಲ್ಲ ಅಪ್ಪಾ, ಈ ಕೈನ ಯಾವತ್ತು ತಟ್ಟಿ ನೋಡಿದ್ದೆ?”

ಅವನು ಮಗಳ ಕೈಯನ್ನು ನೋಡಿದ. ಶಲ್ಯದಿಂದ ತನ್ನ ಕೈಯನ್ನು ಹೊರತೆಗೆದು, ಜೀವನದಲ್ಲಿ ಮೊದಲ ಬಾರಿಗೆ ಅದರ ಪಕ್ಕದಲ್ಲಿಟ್ಟು ನೋಡಿದ. ಒಂದೇ ಅಚ್ಚು. ಇದನ್ನು ಕೆಟ್ಟದ್ದೆಂದರೆ ಅದನ್ನೂ ಕೆಟ್ಟದ್ದೆನ್ನಬೇಕು. ಎಣ್ಣೆಯ ಡಬ್ಬಿಗೆ ‘ಇಲ್ಲ’ ಎನ್ನಲು ಹೆದರಿದವನು ಮಗಳ ಕೈಗೆ ಆ ಮಾತನ್ನು ಹೇಗೆ ಅಂದಾನು?

“ಬಿಡ್ತು” ಎಂದ.

ಪುರೋಹಿತರು ಅಷ್ಟು ಅವಸರದಲ್ಲೂ, “ಇನ್ನೂ ಸ್ವಲ್ಪ ಗಟ್ಟಿಯಾಗಿ ಅನ್ನಿ ಯಜಮಾನರೇ, ಈ ಗದ್ದಲದ ಮಧ್ಯೆ ದೇವತೆಗಳಿಗೆ ಕೇಳಿಸ್ಬೇಕಲ್ಲ” ಎಂದರು.

“ಬಿಡ್ತು! ಬಿಡ್ತು!”

ಗಿಂಡಿಗೆ ಕೈ ಹಚ್ಚಿದ. ಕೈ ಎಷ್ಟು ನಡುಗಿತೆಂದರೆ ಅರ್ಧ ಹಾಲು ಕೂಡಿದ ಕೈಗಳ ಮೇಲೆ, ಅರ್ಧ ವರನ ಪಂಚೆಯ ಮೇಲೆ. ಸೋದರತ್ತೆಗೆ ಸುಮ್ಮನಿರಲಾಗಲಿಲ್ಲ: “ಸಾಕು ಬೀಗರೇ, ಹುಡುಗ ಮನೇಲೇ ಸ್ನಾನ ಮಾಡ್ಕೊಂಡು ಬಂದಿದಾನೆ!” ಸಭೆಯೆಲ್ಲ ನಕ್ಕಿತು, ಅಕ್ಷತೆ ಬಿದ್ದಿತು. ಮಗಳು ಕಾಲಿಗೆ ಬಿದ್ದಾಗ ಅವನು ಸರಿದು ನಿಲ್ಲಲಿಲ್ಲ. ತಲೆಯ ಮೇಲೆ ಕೈ ಇಟ್ಟ. ಆ ಒದ್ದೆ ಕೈಯನ್ನೇ ಇಟ್ಟ.

ಕಥೆ ಇಷ್ಟೇ. ಆದರೆ ನಿಮ್ಮ ಮುಖಗಳಲ್ಲಿ ಒಂದು ಪ್ರಶ್ನೆ ನನಗೆ ಕಾಣುತ್ತಿದೆ. ‘ಆಮೇಲೆ ಆ ದಂಪತಿಗಳು ಸುಖವಾಗಿದ್ದರೇ?’ ಅಲ್ಲವೇ? ನಾನು ಹೇಳುವುದಿಲ್ಲ. ನೋಡಿ, ಇಷ್ಟು ಕೇಳಿಯೂ ನೀವು ಆ ಕೈಯ ಮೇಲೆ ಇನ್ನೊಂದು ಮೊಕದ್ದಮೆ ಹೂಡಲು ಸಿದ್ಧರಾಗಿದ್ದೀರಿ! ಅವರು ಜಗಳವಾಡಿದ್ದರೆ ಅದು ಅವರ ಜಗಳ, ನಕ್ಕಿದ್ದರೆ ಅದು ಅವರ ನಗು. ಧಾರೆ ಎರೆದವನ ಬೆರಳಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಆ ತಂದೆ? ಒಂದೇ ದಿನದಲ್ಲಿ ಬದಲಾದನೆಂದು ಹೇಳಿದರೆ ನಾನು ಸುಳ್ಳಾಡಿದಂತೆ. ಮರುದಿನ ಅಂಗಡಿಯ ಬೀಗಕ್ಕೆ ತಾನೇ ಕೈ ಹಾಕಿದ, ಬೀಗ ಬಿಗಿದುಕೊಂಡಿತು, “ನನ್ನ ಈ ದರಿದ್ರ...” ಎಂದು ಬಾಯಿ ತೆರೆದೇಬಿಟ್ಟ. ಗುಮಾಸ್ತ, “ಬಿಡ್ತು ಅನ್ನಿ ಸಾಹುಕಾರ್ರೇ. ಬೀಗಕ್ಕೆ ಎಣ್ಣೆ ಬೇಕು, ಅಷ್ಟೇ” ಎಂದ. ಎಣ್ಣೆ ಬಿಟ್ಟ ಮೇಲೆ ಬೀಗ ತೆರೆಯಿತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ನನಗೆ ಕಳವಳವಾಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಕನ್ನಡಿಯ ಮುಂದೆ ನಿಂತು, ‘ಥೂ, ಏನು ಹಾಳು ಮುಖವೋ’ ಎನ್ನುವ ತಾಯಿ ಇಲ್ಲಿ ಇದ್ದಾಳೆ. ಅವಳ ಸೆರಗು ಹಿಡಿದು ನಿಂತ ಮಗುವಿಗೆ ಅದೇ ಮೂಗು, ಅದೇ ಬಣ್ಣ. ಆ ಮಗು ಏನು ತಿಳಿಯಬೇಕು? ‘ನನ್ನ ತಲೆಗೆ ಏನೂ ಹತ್ತುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆ ಇದ್ದಾನೆ. ಅವನ ಮಗ ಗಣಿತದ ಪುಸ್ತಕವನ್ನು ಯಾವ ಧೈರ್ಯದಿಂದ ಬಿಡಿಸಬೇಕು? ‘ನಾನು ಭೂಮಿಗೆ ಭಾರ’ ಎನ್ನುವ ಹಿರಿಯರಿದ್ದಾರೆ. ಇಡೀ ಮನೆಗೆ ಉಣಬಡಿಸಿ, ‘ನನ್ನದೇನು ಬಿಡಿ’ ಎಂದು ತಳ ಹತ್ತಿದ್ದನ್ನು ತಟ್ಟೆಗೆ ಕೆರೆದುಕೊಳ್ಳುವವರಿದ್ದಾರೆ. ಇದನ್ನು ನೀವು ವಿನಯವೆನ್ನುತ್ತೀರಿ. ವಿನಯವಲ್ಲ ಇದು! ವಿನಯವುಳ್ಳವನು ಇನ್ನೊಬ್ಬನನ್ನು ಗೌರವಿಸುತ್ತಾನೆ, ತನ್ನನ್ನು ಒದೆಯುವುದಿಲ್ಲ. ಪರರಿಗೆ ಆಡಬಾರದ ಮಾತನ್ನು ತನಗೆ ಆಡಿಕೊಳ್ಳುವುದಕ್ಕೆ ಯಾವ ಧರ್ಮ ಅನುಮತಿ ಕೊಟ್ಟಿದೆ?

ಹಾಗೆಂದು ಜಂಬ ಕೊಚ್ಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ತಪ್ಪಿದರೆ ‘ಲೆಕ್ಕ ತಪ್ಪಿತು’ ಎನ್ನಿ, ತಿದ್ದಿ. ‘ನಾನೇ ತಪ್ಪು’ ಎನ್ನಬೇಡಿ. ಅದನ್ನು ತಿದ್ದಲು ಯಾವ ದಾರಿಯೂ ಉಳಿಯುವುದಿಲ್ಲ. ಗೋಡೆ ಬಿದ್ದರೆ ಮೇಸ್ತ್ರಿಯನ್ನು ಕೇಳಿ, ಸಿಮೆಂಟನ್ನು ನೋಡಿ, ಮತ್ತೆ ಕಟ್ಟಿ. ಅದರಡಿ ಮಲಗಬೇಡಿ.

ನಾಳೆ ಬೆಳಿಗ್ಗೆ ನಿಮ್ಮಲ್ಲಿ ಯಾರದೋ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಒಲೆಯನ್ನು ಒರೆಸಿ. ‘ಥೂ, ನನ್ನ ಜನ್ಮಕ್ಕೆ’ ಎಂಬ ಮಾತು ರೂಢಿಯಿಂದ ನಾಲಗೆಗೆ ಬಂದೇ ಬರುತ್ತದೆ, ಆಡಿಯೂ ಬಿಡುತ್ತೀರಿ. ಆಗ ಒರೆಸುವ ಬಟ್ಟೆಯನ್ನು ಕೆಳಗಿಡಿ, ನಿಲ್ಲಿ, ‘ಬಿಡ್ತು’ ಎನ್ನಿ. ಮನಸ್ಸಿನೊಳಗೆ ಅಲ್ಲ, ಗಟ್ಟಿಯಾಗಿ ಎನ್ನಿ, ನಡುಮನೆಯಲ್ಲಿ ಓದುತ್ತ ಕುಳಿತ ಮಕ್ಕಳ ಕಿವಿಗೆ ಬೀಳುವಂತೆ. ನೀವು ಆಡಿಕೊಂಡದ್ದು ಅವರಿಗೆ ಇಷ್ಟು ವರ್ಷ ಕೇಳಿಸಿದೆ. ಬಿಟ್ಟದ್ದೂ ಕೇಳಿಸಲಿ.