ತಟ್ಟಿದರೆ ಎದ್ದು ಹೋಗುವವರು

ದೀಪ ಸ್ವಲ್ಪ ಸಣ್ಣದು ಮಾಡಿ. ಗಟ್ಟಿಯಾಗಿ ಹೇಳುವ ಸಂಗತಿಯಲ್ಲ ಇದು... ನಮ್ಮ ಓಡಿಲ್ ಚಿಕ್ಕಮ್ಮ ಕಿವಿಯಾರೆ ಕೇಳಿದ್ದು.

ಯುದ್ಧ ಮುಗಿದು ಎರಡನೆಯ ಚಳಿಗಾಲ. ಆಲ್ಸಾಸಿನ ನಮ್ಮ ಹಳ್ಳಿಯಲ್ಲಿ ಕತ್ತಲಾಯಿತೆಂದರೆ ನಾಯಿಯೂ ಹೊರಗೆ ಸುಳಿಯುತ್ತಿರಲಿಲ್ಲ. ಚಿಕ್ಕಮ್ಮ ಕಾಯಿಲೆ ಬಿದ್ದ ಅಕ್ಕನಿಗೆ ಸೂಪು ಕುಡಿಸಿ, ತಡವಾಗಿ ಮನೆಗೆ ಹೊರಟಿದ್ದಳು. ಕಾಲಡಿಯ ಹಿಮ ಕರಕರ ಎನ್ನುತ್ತಿತ್ತು. ಬಾವಿಯ ಹತ್ತಿರ ಬಂದಳು.

ಬಾವಿಯ ಎದುರಿಗೇ ಯೆಹೂದಿಗಳ ಸಭಾಮಂದಿರ. ಯುದ್ಧ ಶುರುವಾದ ಮೇಲೆ ಆ ಬೀದಿಯ ಯೆಹೂದಿಗಳನ್ನೆಲ್ಲ ಊರು ಬಿಡಿಸಿದ್ದರು. ಆಮೇಲೆ ಹೋದ ಊರಿನಿಂದಲೂ ಹಿಡಿದು ರೈಲಿಗೆ ತುಂಬಿದ್ದರು. ಅಂದಿನಿಂದ ಅಲ್ಲಿ ಪ್ರಾರ್ಥನೆ ನಡೆದಿಲ್ಲ, ಈಗ ಬಾಗಿಲಿಗೆ ಬೀಗ.

ಒಳಗೆ ಗುಜುಗುಜು.

ಚಿಕ್ಕಮ್ಮ ನಿಂತಳು. ಕಿವಿಗೊಟ್ಟಳು... ಪುಟ ಮಗುಚುವ ಸರಸರ. ಬೆಂಚಿನ ಹಲಗೆ ಮಡಚಿ ಬಡಿದ ಟಪ್. ಯಾರೋ ನಶ್ಯ ಏರಿಸಿ ಸೀನಿದ ಸದ್ದು.

ಆ ಸೀನು ಅವಳಿಗೆ ಗೊತ್ತು. ಶನಿವಾರ ಬೆಂಕಿ ಮುಟ್ಟುವುದು ಯೆಹೂದಿಗಳ ಧರ್ಮಕ್ಕೆ ಸಲ್ಲದು. ಹಾಗಾಗಿ ಎಷ್ಟೋ ವರ್ಷ ಅಲ್ಲಿನ ಒಲೆ ಹಚ್ಚಿದವಳು ಕ್ರೈಸ್ತಳಾದ ಚಿಕ್ಕಮ್ಮನೇ. ಅಲ್ಲಿ ಯಾರು ಹೇಗೆ ಕೆಮ್ಮುತ್ತಾರೆ, ಯಾರು ಹೇಗೆ ಸೀನುತ್ತಾರೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲಳು. ಅದು ಕಸಾಯಿ ಕೋಪೆಲನ ಸೀನು. ಕೋಪೆಲ್ ಆ ರೈಲಿನಲ್ಲಿ ಹೋಗಿ ಸತ್ತವನು.

ಹಿಂದಿನಿಂದ ಹೆಜ್ಜೆ... ಕರ, ಕರ, ಕರ.

"ಯಾರದು?"

"ನಾನೇ ಕಣೇ ಓಡಿಲ್. ಕಿರುಚಬೇಡ."

ನೆಫ್ತಾಲಿ. ದನದ ವ್ಯಾಪಾರಿ, ಚಿಕ್ಕಮ್ಮನ ಪಕ್ಕದ ಮನೆಯವನು. ಆ ಬೀದಿಗೆ ಜೀವಂತ ಮರಳಿದವನು ಅವನೊಬ್ಬನೇ. ಹಿಡಿಯಲು ಬಂದ ದಿನ ಅವನು ಕೂಲಿಗೆಂದು ಬೇರೆ ಊರಿಗೆ ಹೋಗಿದ್ದ. ಸಂಜೆ ಬಂದು ನೋಡಿದರೆ ಹೆಂಡತಿ ರೋಸೆಟ್ ಇಲ್ಲ.

ಅವನಿಗೂ ಗುಜುಗುಜು ಕೇಳಿಸಿತು. ಜೇಬಿನಿಂದ ಬೀಗದ ಕೈ ತೆಗೆದ. ಬಾಗಿಲ ಮುಂದೆ ನಿಂತು, ಚಿಕ್ಕಂದಿನಿಂದ ಬಂದ ರೂಢಿಯಂತೆ ಬೆರಳ ಗೆಣ್ಣಿನಿಂದ ತಟ್ಟಿದ.

ಟಕ್. ಟಕ್. ಟಕ್.

ಗುಜುಗುಜು ನಿಂತಿತು.

ಬಾಗಿಲು ತೆರೆದರೆ... ಖಾಲಿ ಬೆಂಚುಗಳು. ನಶ್ಯದ ಘಾಟು ಮಾತ್ರ.

ನೆಫ್ತಾಲಿ ಹೊಸ್ತಿಲ ಮೇಲೇ ಕೂತು ಅಳತೊಡಗಿದ. "ನಾನೇ ಓಡಿಸಿಬಿಟ್ಟೆ, ಓಡಿಲ್."

"ಏನು ಹಾಗಂದ್ರೆ, ಮಾರಾಯ?"

"ರಾತ್ರಿ ಹೊತ್ತು ಸತ್ತೋರು ಇಲ್ಲಿ ಪ್ರಾರ್ಥನೆಗೆ ಸೇರ್ತಾರೆ ಅಂತ ನಮ್ಮ ಹಿರಿಯರು ಹೇಳ್ತಿದ್ರು. ಒಳಗೆ ಹೋಗೋ ಮೊದ್ಲು ಮೂರು ಸಲ ತಟ್ಟಬೇಕು. ಅವ್ರು ಎದ್ದು ಹೋಗ್ಲಿ ಅಂತ. ತಟ್ಟದೆ ನುಗ್ಗಿದೋನು ತಿರುಗಿ ಬರಲ್ಲ."

"ಎದ್ದು ಹೋದ್ರೆ ಒಳ್ಳೇದೇ ಆಯ್ತಲ್ಲ. ಅದಕ್ಯಾಕೆ ಅಳ್ತೀಯ?"

"ರೋಸೆಟ್‌ಗೆ ಕದ್ದಿಶ್ ಹೇಳಬೇಕು. ಸತ್ತೋರಿಗೆ ಹೇಳೋ ಪ್ರಾರ್ಥನೆ. ಒಬ್ಬನೇ ಹೇಳೋ ಹಾಗಿಲ್ಲ, ಹತ್ತು ಗಂಡಸರು ಕೂಡಬೇಕು. ಈ ಊರಲ್ಲಿ ಉಳಿದಿರೋನು ನಾನೊಬ್ಬ..."

"ಸ್ತ್ರಾಸ್‌ಬುರ್ಗಿಗೆ ಹೋಗು. ಅಲ್ಲಿ ಬೇಕಾದಷ್ಟು ಜನ ಸಿಗ್ತಾರೆ."

"ಅವಳು ಯಾರು ಅಂತ ಅಲ್ಲಿ ಯಾರಿಗೆ ಗೊತ್ತು? ಆಮೆನ್ ಅನ್ನೋರು ಅವಳ ಕೈಯ ಮೀನು ತಿಂದಿರಬೇಕು ಓಡಿಲ್. ಉಪ್ಪು ಜಾಸ್ತಿ ಅಂತ ಬೈದಿರಬೇಕು."

ಚಿಕ್ಕಮ್ಮನಿಗೆ ನಗು ಬಂತು. ಅದರ ಬೆನ್ನಿಗೇ ಅಳುವೂ ಬಂತು. ಉಪ್ಪು ನಿಜಕ್ಕೂ ಜಾಸ್ತಿಯೇ ಇರುತ್ತಿತ್ತು.

"ನಾಳೆ ತಟ್ಟದೆ ಒಳಗೆ ಹೋಗ್ತೀನಿ," ಎಂದ.

"ಹೋಗಿ ಅಲ್ಲೇ ಉಳೀತೀಯ? ಆಮೇಲೆ ನಿನಗೆ ಆ ಪ್ರಾರ್ಥನೆ ಹೇಳೋರ್ಯಾರು? ನಾನಾ?"

"ನಿನ್ನ ಹೀಬ್ರೂ ಕೇಳಿದ್ರೆ ತಟ್ಟೋದೇ ಬೇಡ. ಹಾಗೇ ಎದ್ದು ಓಡ್ತಾರೆ."

ಮರುರಾತ್ರಿ ಅವನು ಹೋದ. ಚಿಕ್ಕಮ್ಮ ಬಿಡಲಿಲ್ಲ, ಕೋಟಿನ ತೋಳು ಹಿಡಿದುಕೊಂಡೇ ಹೋದಳು. ಮಂದಿರದೊಳಗೆ ಅದೇ ಗುಜುಗುಜು. ನೆಫ್ತಾಲಿ ಬಾಗಿಲ ಮುಂದೆ ನಿಂತ. ತಟ್ಟಬಾರದೆಂದು ಗಟ್ಟಿ ಮನಸ್ಸು ಮಾಡಿ ಬಂದವನು... ಕೈ ಮಾತ್ರ ತಾನಾಗಿಯೇ ಮೇಲೆದ್ದಿತು. ಆ ಮುಷ್ಟಿಯನ್ನು ಚಿಕ್ಕಮ್ಮ ತನ್ನ ಎರಡೂ ಕೈಯಲ್ಲಿ ಅಮುಕಿ ಹಿಡಿದಳು.

"ತಟ್ಟಲೂ ಬೇಡ, ಒಳಗೆ ಹೋಗಲೂ ಬೇಡ," ಎಂದು ಪಿಸುಗುಟ್ಟಿದಳು. "ಇಲ್ಲೇ ನಿಂತು ಹೇಳು. ಅವ್ರಿಗೆ ಕೇಳಿಸುತ್ತೆ."

ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ಶುರುಮಾಡಿದ. ಮೊದಲ ಸಾಲು ಹೇಳಿ ನಿಲ್ಲಿಸಿದ. ಒಳಗಿನ ಗುಜುಗುಜು ನಿಂತುಬಿಟ್ಟಿತು... ಎದ್ದು ಹೋದರೇನೋ ಎಂದು ಚಿಕ್ಕಮ್ಮ ಬಾಗಿಲಿಗೆ ಕಿವಿ ಹಚ್ಚಿದಳು. ಆಗ...

ಆಮೆನ್.

ದಪ್ಪ ಗಂಟಲು, ಒಡಕು ಗಂಟಲು, ಎಲ್ಲ ಸೇರಿ, ಬೆಂಚು ಬೆಂಚಿನಿಂದ. ಅವನು ನಿಲ್ಲಿಸಿದಲ್ಲೆಲ್ಲ ಹಾಗೆಯೇ... ಆಮೆನ್. ಒಂದು ಸಲವೂ ತಪ್ಪಲಿಲ್ಲ.

ಪ್ರಾರ್ಥನೆ ಮುಗಿಯಿತು. ಗಾಳಿ ಸುಳಿಯುತ್ತಿರಲಿಲ್ಲ. ಆಮೇಲೆ ಮೇಲಿನಿಂದ, ಹೆಂಗಸರು ಕೂರುವ ಅಟ್ಟದ ಕಡೆಯಿಂದ, ಅಡುಗೆಮನೆಯಲ್ಲಿ ನಿಂತು ಕೇಳಿದಂಥ ಒಂದು ಸಾದಾ ದನಿ.

"ನೆಫ್ತಾಲಿ... ಊಟ ಆಯ್ತಾ?"

ಬೆಳಗಿನಿಂದ ಅವನ ಬಾಯಿಗೆ ಏನೂ ಬಿದ್ದಿರಲಿಲ್ಲ.

"ಆಯ್ತು ರೋಸೆಟ್," ಎಂದ. ಬಾಗಿಲಿಂದ ಹಣೆ ತೆಗೆದು, "ನೀನು ಹೋಗು," ಎಂದ.

ಅಷ್ಟೇ. ಆ ಮೇಲೆ ಮಂದಿರದೊಳಗಿಂದ ಯಾರಿಗೂ ಏನೂ ಕೇಳಿಸಲಿಲ್ಲ. ನೆಫ್ತಾಲಿ ಇನ್ನೂ ಎಷ್ಟೋ ರಾತ್ರಿ ಬಾವಿಕಟ್ಟೆಯ ಮೇಲೆ ಕೂತು ಕಾದ. ಪುಟದ ಸದ್ದು ಕೂಡ ಬರಲಿಲ್ಲ.

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಚಿಕ್ಕಮ್ಮ ಹುಡುಗಾಟಕ್ಕೂ ಸುಳ್ಳಾಡಿದವಳಲ್ಲ. ಕಡೆಗಾಲದಲ್ಲಿ ಪಾದ್ರಿಗಳ ಮುಂದೆ ದೇವರ ಹೆಸರೆತ್ತಿ ಇದನ್ನೇ ಹೇಳಿದಳು. ಇದು ನಡೆದದ್ದು. ಆ ಪ್ರಾರ್ಥನೆಯ ಮಾರನೆಯ ಬೆಳಗ್ಗೆಯದನ್ನಂತೂ ಊರವರೆಲ್ಲ ಕಂಡಿದ್ದಾರೆ. ಹೆಂಗಸರ ಅಟ್ಟದ ಕಿಟಕಿ ಹಾರುಹೊಡೆದಿತ್ತು. ಆ ಅಟ್ಟಕ್ಕೆ ಮೆಟ್ಟಿಲೇ ಇಲ್ಲ. ಯುದ್ಧಕಾಲದಲ್ಲಿ ಸೈನಿಕರು ಕಿತ್ತು ಉರುವಲು ಮಾಡಿಕೊಂಡಿದ್ದರು. ಕಿಟಕಿ ಮುಚ್ಚಲು ಕಮ್ಮಾರ ಸೆಪ್ಪಿ ಮನೆಯಿಂದ ಏಣಿ ತರಬೇಕಾಯಿತು.