ಎರಡು ಏಟೆಂದರೆ ಹಿಂದಕ್ಕೆ

ದೀಪ ಇರಲಿ, ಆರಿಸಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ... ನನ್ನ ಅಕ್ಕನ ಗಂಡನಿಗೇ ಆದದ್ದು. ಅವತ್ತು ಎರಡನೇ ಪಾಳಿ ಮುಗಿಸಿ ಭಾವ ಒಬ್ಬರೇ ನಡೆದು ಬರುತ್ತಿದ್ದರು. ಗೋದಾಮಿನ ಹಿಂದಿನ ದಾರಿ. ಅಲ್ಲೊಂದು ಪಾಳುಬಾವಿ, ಮೇಲೆ ಅರ್ಧ ಮುಚ್ಚಿದ ತಗಡು. ಬಾವಿ ದಾಟಿ ಹತ್ತು ಹೆಜ್ಜೆ ಹೋಗಿದ್ದಾರೆ, ಹಿಂದಿನಿಂದ ಕೇಳಿಸಿತು.

ಟಣ್... ಟಣ್.

ಎರಡು ಏಟು. ಭಾವನ ಎದೆ ಧಸಕ್ಕೆಂದಿತು. ಯಾಕೆ ಅಂತ ಹೇಳಬೇಕಾದರೆ ಹದಿನೆಂಟು ದಿನ ಹಿಂದೆ ಹೋಗಬೇಕು.

ಭಾವ ಫೋರ್ಕ್‌ಲಿಫ್ಟ್ ಓಡಿಸುವವರು. ಸರಕು ಎತ್ತುವುದಷ್ಟೇ ಅಲ್ಲ, ಹಿಂದೆ ಟ್ರೈಲರ್ ಸಿಕ್ಕಿಸಿಕೊಂಡು ಎಳೆಯುವ ಕೆಲಸವೂ ಅವರದೇ. ಸಿಕ್ಕಿಸುವವನು ಮೀಸೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು ಬಿಡಿ, ಆದರೆ ಬಾಗಿಲಲ್ಲಿ ಅವನಿಗಿಂತ ಮೊದಲು ಅವನ ಮೀಸೆ ಒಳಗೆ ಬರುತ್ತಿತ್ತು. ಎರಡು ಗಾಡಿಗಳ ನಡುವೆ ನಿಂತರೆ ಭಾವನಿಗೆ ಅವನು ಕಾಣುತ್ತಿರಲಿಲ್ಲ. ಅದಕ್ಕೇ ಗಾಡಿಯ ಬೆನ್ನಿಗೆ ಸ್ಪ್ಯಾನರಿನಿಂದ ತಟ್ಟುತ್ತಿದ್ದ. ಎರಡು ಏಟೆಂದರೆ ಹಿಂದಕ್ಕೆ ಬಾ. ಒಂದು ಏಟೆಂದರೆ ನಿಲ್ಲು. ಒಂಬತ್ತು ವರ್ಷ ಹೀಗೇ ನಡೆದಿತ್ತು. ಆ ಸದ್ದು ಕೇಳಿದರೆ ಸಾಕು, ಭಾವನ ಕಾಲು ತಾನಾಗಿಯೇ ಕೆಲಸ ಮಾಡುತ್ತಿತ್ತು.

ಆ ದಿನ ಟ್ರೈಲರಿನ ಕೊಂಡಿಗೆ ಹಾಕುವ ಪಿನ್ನು ಕಾಣಲಿಲ್ಲ. ಹೆಬ್ಬೆರಳು ಗಾತ್ರದ ಉಕ್ಕಿನ ಪಿನ್ನು, ತುದಿಗೆ ಕೆಂಪು ಬಣ್ಣ.

"ಕೆಳಗೆ ಸ್ಟೋರಲ್ಲಿ ಹುಡುಕ್ಕೊಂಡು ಬರ್ತೀನಿ. ನಾನು ಬರೋವರೆಗೂ ಗಾಡಿ ಅಲ್ಲಾಡಿಸ್ಬೇಡ" ಅಂದ ಮೀಸೆ.

ಭಾವನಿಗೆ ಆತುರ. ಅಕ್ಕನಿಗೆ ದಿನ ತುಂಬಿತ್ತು. ಅಲ್ಲೇ ಬಿದ್ದಿದ್ದ ಕಬ್ಬಿಣದ ಸರಳೊಂದನ್ನು ಕೊಂಡಿಗೆ ತೂರಿಸಿ, ಕಾಗದದ ಉರುಳೆ ತುಂಬಿದ ಟ್ರೈಲರನ್ನು ಇಳಿಜಾರಿನ ಮೇಲಕ್ಕೆ ಎಳೆದೇಬಿಟ್ಟರು. ಅರ್ಧದಲ್ಲಿ ಸರಳು ಟಪ್ಪೆಂದು ಮುರಿಯಿತು. ಟ್ರೈಲರಿಗೆ ಬ್ರೇಕೆಲ್ಲಿಯದು? ಗಡಗಡ ಹಿಂದಕ್ಕೆ ಉರುಳಿತು. ಕೆಳಗೆ ಮೀಸೆ ಕೈಯೆತ್ತಿಕೊಂಡು ಓಡಿ ಬರುತ್ತಿದ್ದ...

ಪಚಕ್.

ಎದೆ ಮಟ್ಟಕ್ಕೆ ಅವನನ್ನು ಹಿಂದಿನ ಗೋಡೆಗೆ ಒತ್ತಿಬಿಟ್ಟಿತು. ಬಾಯಿಂದ ರಕ್ತ ಚಿಮ್ಮಿ ಬಿಳಿ ಕಾಗದವೆಲ್ಲ ಕೆಂಪಾಯಿತು. ಜೀವ ತಕ್ಷಣ ಹೋಗಲಿಲ್ಲ, ಅದೇ ಸಂಕಟ. ಕೈಯಲ್ಲಿದ್ದ ಸ್ಪ್ಯಾನರಿನಿಂದ ಟ್ರೈಲರಿಗೆ ಒಂದೇ ಒಂದು ಸಲ ತಟ್ಟಿದ. ಟಣ್. ನಿಲ್ಲು ಅಂತ.

ವಿಚಾರಣೆಗೆ ಬಂದವರ ಮುಂದೆ ಭಾವ ಏನಂದರು ಗೊತ್ತೇ? "ಸರಳು ಹಾಕಿದ್ದು ಅವನೇ ಸಾರ್."

ನನ್ನ ಭಾವ ಅಂತ ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ. ತನ್ನ ತಪ್ಪಿಗೆ ತಾನೇ ಸತ್ತ ಅಂತ ಕಂಡಕಂಡವರೆಲ್ಲ ಮೀಸೆಯ ಹೆಂಡತಿಯ ಮುಖಕ್ಕೇ ಹೇಳಿದರು. ಆ ಪಿನ್ನು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಈಗ ಬಾವಿಯ ಹತ್ತಿರ ಬನ್ನಿ.

ಟಣ್... ಟಣ್.

ಭಾವನ ಬಲಗಾಲು ಹಿಂದಕ್ಕೆ ಹೋಯಿತು. ಅವರು ಇಟ್ಟದ್ದಲ್ಲ... ತಾನೇ ಹೋಯಿತು. ಟಣ್, ಟಣ್. ಎಡಗಾಲು. ಹೀಗೇ ಒಂದೊಂದೇ ಹೆಜ್ಜೆ, ಬಾವಿಯ ಕಡೆಗೆ. ತಿರುಗಿ ನೋಡೋಣವೆಂದರೆ ಕುತ್ತಿಗೆ ಹೊರಳಲಿಲ್ಲ. ಅಷ್ಟರಲ್ಲಿ ಎದುರಿನ ಖಾಲಿ ದಾರಿಯಲ್ಲಿ, ಗಡ... ಗಡ... ಗಡ... ತುಂಬಿದ ಟ್ರೈಲರಿನ ಚಕ್ರದ ಸದ್ದು. ಕಣ್ಣಿಗೆ ಏನೂ ಇಲ್ಲ. ಸದ್ದು ಬಂದು ಎದೆಗೆ ಗುದ್ದಿತು. ಬೆನ್ನು ಬಾವಿಕಟ್ಟೆಗೆ ಬಡಿಯಿತು.

ಕಿವಿಯ ಹತ್ತಿರ ಪಿಸುಮಾತು. "ಸರಳು ಯಾರು ಹಾಕಿದ್ದು?"

"ನೀ... ನೀನೇ ಕಣೋ..."

ಲಟಕ್. ಒಂದು ಪಕ್ಕೆಲುಬು ಹೋಯಿತು.

"ಯಾರು?"

ಲಟಕ್, ಲಟಕ್. ಬಾಯಿ ತುಂಬ ರಕ್ತ. ಮೈ ಕಟ್ಟೆಯ ಮೇಲೆ ಹಿಂದಕ್ಕೆ ಬಾಗಿತು. ತಲೆಯ ಕೆಳಗೆ ತಗಡು ಕಿರ್ರೆಂದು ಜರುಗಿ, ತುಂಬ ಹೊತ್ತಿನ ಮೇಲೆ ಆಳದಲ್ಲಿ ದುಡುಮ್ ಎಂದು ಬಿತ್ತು. ಭಾವನಿಗೆ ನೆನಪಾದದ್ದು ಅಕ್ಕ, ಅವಳ ಮಡಿಲಲ್ಲಿನ ಹನ್ನೆರಡು ದಿನದ ಕೂಸು.

"ನಾನು! ನಾನೇ ಹಾಕಿದ್ದು! ನೀನು ಬೇಡ ಅಂದಿದ್ದೆ ಕಣೋ..."

ಟಣ್.

ಒಂದೇ ಏಟು. ಎಲ್ಲ ನಿಂತಿತು.

ಬೆಳಿಗ್ಗೆ ಹಾಲಿನವನು ನೋಡಿ ಆಸ್ಪತ್ರೆಗೆ ಸೇರಿಸಿದ. ಐದು ಪಕ್ಕೆಲುಬು ಮುರಿದಿದ್ದವು. "ಯಾವ ಗಾಡಿ ಗುದ್ದಿದ್ದು?" ಅಂತ ಡಾಕ್ಟರು ಕೇಳಿದರೆ, ವಿಚಾರಣೆಯವರನ್ನು ಕರೆಸಿ ಅಂದರು ಭಾವ. ಅವರು ಬಂದಾಗ ಮಲಗಿದ್ದಲ್ಲೇ ನಿಜ ಹೇಳಿ ಸಹಿ ಹಾಕಿದರು. ಕೆಲಸ ಹೋಯಿತು. ಮೀಸೆಯ ಹೆಂಡತಿ ವಾರ್ಡಿನ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡು ಹೊರಟುಹೋದರು.

ಹೆದರಿ ಎಡವಿ ಬಿದ್ದಿರಬೇಕು ಅನ್ನುತ್ತೀರಿ. ಅನ್ನಿ, ನನಗೇನು. ಆದರೆ ನರ್ಸಮ್ಮ ಕತ್ತರಿಸಿ ತೆಗೆದ ಅಂಗಿ ಕೊಟ್ಟದ್ದು ನನ್ನ ಕೈಗೆ. ಭಾರವಾಗಿತ್ತು. ಜೇಬಿಗೆ ಕೈ ಹಾಕಿದವನೂ ನಾನೇ... ಹೆಬ್ಬೆರಳು ಗಾತ್ರದ ಉಕ್ಕಿನ ಪಿನ್ನು, ತುದಿಗೆ ಕೆಂಪು ಬಣ್ಣ, ಗ್ರೀಸು ಇನ್ನೂ ಹಸಿ. ಗೋದಾಮಿಗೆ ಕೊಂಡುಹೋಗಿ ಕೊಟ್ಟುಬಂದೆ. ಇವತ್ತಿಗೂ ಆ ಟ್ರೈಲರಿಗೆ ಅದೇ ಪಿನ್ನು ಹಾಕುತ್ತಾರೆ. ನಂಬಿಕೆ ಇಲ್ಲದಿದ್ದರೆ ಹೋಗಿ ನೋಡಿ.