ಬೀಗ ಹಾಕಿದ ಕೋಣೆಯಲ್ಲಿ ಹೊಲಿಗೆ

ದೀಪ ಸ್ವಲ್ಪ ಸಣ್ಣ ಮಾಡಿ. ಮಕ್ಕಳು ಮಲಗಿದ್ದಾರೆ ತಾನೇ? ಹಾಗಾದರೆ ಹೇಳುತ್ತೇನೆ. ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನನ್ನ ದೊಡ್ಡಮ್ಮನ ಮನೆಯಲ್ಲೇ, ಅವರ ಹಿರಿಸೊಸೆಗೆ ಆದದ್ದು. ಹೊಲಿಗೆ ಅವಳ ಕಸುಬು, ಹಾಗಾಗಿ ನಾವೆಲ್ಲ ಟೈಲರ್ ಅತ್ತಿಗೆ ಅನ್ನುತ್ತೇವೆ. ಸುಳ್ಳೇ ಹೇಳದ ಹೆಂಗಸು ಅಂತ ನಾನು ಆಣೆ ಮಾಡಲಾರೆ. ಒಂದು ಸುಳ್ಳು ಹೇಳಿದ್ದಾಳೆ. ಅದರಿಂದಲೇ ಇಷ್ಟೆಲ್ಲ ಆದದ್ದು.

ದೊಡ್ಡ ಕಾಯಿಲೆಯ ವರ್ಷ. ಎಲ್ಲರೂ ಮೂಗುಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದ ಕಾಲ. ಅವತ್ತು ಆರೋಗ್ಯ ಕೇಂದ್ರಕ್ಕೆ ಇನ್ನೂರು ಮಾಸ್ಕ್ ಹೊಲಿದು ಕೊಟ್ಟು ಅತ್ತಿಗೆ ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಾಳು ಬಾವಿಯ ಪಕ್ಕದ ದಾರಿಯಲ್ಲಿ ಬಿರಬಿರನೆ ಬರುತ್ತಿದ್ದಳು. ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು... ಕೇಳಿಸಿತು.

ಟಕಟಕಟಕಟಕ... ಟಕ್... ಟಕ್... ಟಕ್.

ಅತ್ತಿಗೆ ನಿಂತಳು. ಅದು ಮನೆ ಕಡೆಯಿಂದ ಬರುತ್ತಿತ್ತು. ಅವಳದೇ ಮೆಷಿನ್. ಆ ಹಳೇ ಕಾಲು ಮೆಷಿನ್‌ನಲ್ಲಿ ಹಿಂದಕ್ಕೆ ಹೊಲಿಯುವ ಹಿಡಿ ಮುರಿದು ಎಷ್ಟೋ ವರ್ಷವಾಗಿದೆ. ಬೇರೆ ಯಾರಾದರೂ ಕೂತರೆ ಸಾಲು ಮುಗಿಸಿ ದಾರ ಕತ್ತರಿಸಿ ಎದ್ದುಬಿಡುತ್ತಾರೆ. ಇವಳು ಹಾಗಲ್ಲ. ಸಾಲು ಮುಗಿದ ಮೇಲೆ ಬಟ್ಟೆಯನ್ನು ಹಿಂದುಮುಂದು ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ, ನಿಧಾನಕ್ಕೆ ಮೂರು ಹೊಲಿಗೆ ಹಾಕುತ್ತಾಳೆ, ಬಿಚ್ಚಿಕೊಳ್ಳದೆ ಇರಲಿ ಅಂತ. ಕೊನೆಯ ಆ ಮೂರು ಟಕ್ ಆ ಮನೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲ.

ಅವಳಿಗೆ ಹೆದರಿಕೆ ಆಗಲಿಲ್ಲ ನೋಡಿ. ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಮೆಷಿನ್ ಇದ್ದ ಕೋಣೆಯಲ್ಲಿ ಈಗ ನರ್ಸಮ್ಮ ಇದ್ದಳು.

ನರ್ಸಮ್ಮ ಅಂದರೆ ದೊಡ್ಡಮ್ಮನ ಕಿರಿಸೊಸೆ, ಅತ್ತಿಗೆಯ ವಾರಗಿತ್ತಿ. ದೂರದ ಆಸ್ಪತ್ರೆಯಲ್ಲಿ ಕೆಲಸ. ರಜೆ ಕಳೆಯಲು ಅಂತ ದೊಡ್ಡಮ್ಮನ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲ ಆ ಮನೆಗೆ ಬಂದು ಸೇರಿದ್ದರು. ಹನ್ನೊಂದು ಜನ. ಹತ್ತು ದಿನಕ್ಕೆ ಬಂದವರು, ಬಸ್ಸು ನಿಂತಿತು, ಎರಡು ತಿಂಗಳು ಉಳಿದರು. ಅಷ್ಟು ಜನಕ್ಕೂ ಬೇಯಿಸಿ ಬಡಿಸಿ, ಪಾತ್ರೆ ತೊಳೆದು, ಆಮೇಲೆ ಕೂತು ಮಾಸ್ಕ್ ಹೊಲಿದು... ಒಬ್ಬರಾದರೂ 'ಸುಸ್ತಾಯ್ತೇನಮ್ಮ' ಅಂದರೆ ಕೇಳಿ. ಹಿತ್ತಲ ಗಿಡ ಮದ್ದಲ್ಲ.

ಕೊನೆಗೆ ರಜೆ ಸಿಕ್ಕಿ ನರ್ಸಮ್ಮನೂ ಬಂದಳು. ವಾರ್ಡಿನಿಂದ ಬಂದವಳು, ಹದಿನಾಲ್ಕು ದಿನ ಯಾರನ್ನೂ ಮುಟ್ಟುವಂತಿಲ್ಲ. ಬಚ್ಚಲು ಒಳಗೇ ಇದ್ದ ಕೋಣೆ ಒಂದೇ, ಮನೆಯ ಹಿಂಭಾಗದಲ್ಲಿದ್ದ ಅತ್ತಿಗೆಯ ಹೊಲಿಗೆ ಕೋಣೆ. ಅದನ್ನೇ ಬಿಟ್ಟುಕೊಡಬೇಕಾಯಿತು. ಮೆಷಿನ್ ಹೊರಗೆ ತರೋಣವೆಂದರೆ ಬಾಗಿಲಲ್ಲಿ ಹಿಡಿಯಲಿಲ್ಲ. ಎದುರು ಮನೆಯಿಂದ ಕೈ ಮೆಷಿನ್ ಕಡ ತಂದುಕೊಂಡು ಅತ್ತಿಗೆ ಹಜಾರದ ಮೂಲೆಯಲ್ಲಿ ಕೂತಳು.

ಊಟ ಕೊಡುವುದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದರು. ತಟ್ಟೆಯನ್ನು ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು, ಸೌಟಿನಿಂದ ಬಾಗಿಲಿಗೆ ಒಂದು ಸಲ ಬಡಿಯುವುದು. ಒಳಗಿನಿಂದ ಟಕ್ ಟಕ್ ಅಂತ ಎರಡು ಸಲ ಬಡಿದರೆ 'ಚೆನ್ನಾಗಿದ್ದೇನೆ' ಅಂತ ಅರ್ಥ. ಆಮೇಲೆ ಇವರು ದೂರ ಸರಿಯುವುದು, ಅವಳು ಬಾಗಿಲು ತೆಗೆಯುವುದು. ಹೊತ್ತು ಹೊತ್ತಿಗೆ ಸೌಟು ಹಿಡಿದು ಹೋಗುವವಳು ಯಾರು ಅಂತೀರಿ? ಇವಳೇ.

ದೊಡ್ಡಮ್ಮ ದೊಡ್ಡ ಮೊಟ್ಟೆ ಆರಿಸಿ ಆ ತಟ್ಟೆಗೆ ಹಾಕಿಸುತ್ತಿದ್ದರು. "ಪಾಪ, ಜೀವ ಉಳಿಸೋ ಕೈ ಅದು" ಅನ್ನುತ್ತಿದ್ದರು. ಇದ್ದ ಇಬ್ಬರು ಸೊಸೆಯರಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಅದನ್ನಾದರೂ ಅತ್ತಿಗೆ ನುಂಗಿಕೊಳ್ಳುತ್ತಿದ್ದಳೇನೋ. ನುಂಗಲಾಗದ್ದು ಗುಬ್ಬಿಯ ವಿಷಯ.

ಗುಬ್ಬಿ ಅತ್ತಿಗೆಯ ಒಬ್ಬಳೇ ಮಗಳು. ಆಗ ಆರು ವರ್ಷ. ಬೆಳಗ್ಗೆ ಎದ್ದರೆ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ಹಲ್ಲು ಅಲ್ಲಾಡುವುದು, ರಾತ್ರಿ ಬಿದ್ದ ಕನಸು, ಇರುವೆ ಸಾಲು ಎಲ್ಲಿಗೆ ಹೋಯಿತು ಎಂಬುದು, ಎಲ್ಲ ವರದಿಯೂ ಚಿಕ್ಕಮ್ಮನಿಗೇ. ಒಳಗಿನಿಂದ ನಗು. ಇವಳೂ ನಗುವುದು. ಒಂದು ದಿನ ಅತ್ತಿಗೆ ತಡೆಯಲಾರದೆ ಕೇಳಿದಳು, "ನನಗೂ ಒಂದಿಷ್ಟು ಹೇಳೇ." ಮಗು ದೂರಲಿಲ್ಲ, ಮುನಿಸಿಕೊಳ್ಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿತು. "ನಿನಗೆ ಟೈಮಿಲ್ವಲ್ಲ ಅಮ್ಮ."

ಅವತ್ತಿನಿಂದ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ನನ್ನ ಕೋಣೆ ಹೋಯಿತು, ಅತ್ತೆ ಮೊದಲೇ ನನ್ನವರಲ್ಲ, ಈಗ ಮಗಳೂ ಹೋಗುತ್ತಾಳೆ. ಇದನ್ನು ಅತ್ತಿಗೆಯೇ ನನಗೆ ಹೇಳಿದ್ದು, ಮುಚ್ಚುಮರೆ ಇಲ್ಲದೆ.

ಹಾಗಾಗಿ ಆ ರಾತ್ರಿ ಚಪ್ಪಲಿ ಬಿಟ್ಟವಳೇ ನೇರ ಹಿಂದಿನ ಕೋಣೆಯ ಬಾಗಿಲಿಗೆ ಬಂದಳು.

"ನನ್ನ ಮೆಷಿನ್ ಮುಟ್ಟಿದ್ಯಾ?"

"ಇಲ್ಲ ಅಕ್ಕ. ನನಗೆ ಗುಂಡಿ ಹಾಕೋಕೂ ಬರಲ್ಲ. ಮಲಗಿದ್ದೆ."

"ಸದ್ದು ಬಂತು."

ಒಳಗಿನಿಂದ ಪಿಸುದನಿ ಬಂತು.

"ನನಗೂ ಅರೆನಿದ್ದೇಲಿ ಕೇಳಿಸ್ತು. ನೀವೇ ಹಜಾರದಲ್ಲಿ ಹೊಲಿತಾ ಇದ್ದೀರಿ ಅಂದ್ಕೊಂಡೆ."

ಹಜಾರದ ಕೈ ಮೆಷಿನ್ ಗೊರಗೊರ ಅನ್ನುತ್ತದೆ, ಟಕಟಕ ಅನ್ನುವುದಿಲ್ಲ. ಅತ್ತಿಗೆ ನಂಬಲಿಲ್ಲ. ಎರಡು ದಿನ ಕಳೆಯಿತು. ಆ ಕೋಣೆಯಲ್ಲಿ ಕರೆಂಟಿನ ಪ್ಲಗ್ ಕೆಟ್ಟಿದ್ದರಿಂದ ನರ್ಸಮ್ಮನ ಫೋನು ಹಜಾರದಲ್ಲೇ ಚಾರ್ಜಿಗೆ ಇರುತ್ತಿತ್ತು. ಅದು ಬಡಿದುಕೊಂಡಿತು. ಅತ್ತಿಗೆ ಎತ್ತಿದಳು. ಆ ಕಡೆ ಹಿರಿಯ ನರ್ಸು.

"ಹೇಗಿದ್ದಾಳೆ ಕೇಳೋಣ ಅಂತ ಮಾಡ್ದೆ. ಇಲ್ಲಿ ನಮ್ಮ ನರ್ಸುಗಳೇ ಇನ್ನಿಬ್ಬರು ಕಾಯಿಲೆ ಬಿದ್ದು ಮಲಗಿದ್ದಾರೆ. ಆದ್ರೂ ಅವಳಿಗೆ ಬಲವಂತ ಇಲ್ಲ. ರಜೆ ಮುಗಿಸ್ಕೊಂಡೇ ಬರಲಿ."

ಅತ್ತಿಗೆ ಫೋನಿಟ್ಟಳು. ಮಧ್ಯಾಹ್ನದ ತಟ್ಟೆ ತೆಗೆದುಕೊಂಡು ಹೋದಳು. ಸೌಟಿನಿಂದ ಬಡಿದಳು. ಒಳಗಿನಿಂದ ಟಕ್ ಟಕ್. ಬಾಯಿಂದ ಮಾತು ತಾನಾಗಿಯೇ ಬಂತಂತೆ.

"ಇಬ್ಬರು ಮಲಗಿದ್ದಾರಂತೆ. ನಾಳೆಯೇ ಡ್ಯೂಟಿಗೆ ಬಾ ಅಂದ್ರು. ಹಾಲಿನ ವ್ಯಾನ್ ನಾಲ್ಕೂವರೆಗೆ ಹೋಗುತ್ತೆ. ಅತ್ತೆಗೆ ನಾನು ಹೇಳ್ಕೋತೀನಿ, ಈಗ ಹೇಳಿದ್ರೆ ಬಿಡಲ್ಲ."

ನರ್ಸಮ್ಮ ಸರಿ ಅಂದಳು. ತಿರುಗಿ ಫೋನ್ ಮಾಡಿ ಕೇಳುವ ಪೈಕಿಯೂ ಅಲ್ಲ ಅವಳು. ಬೆಳಗಿನ ಜಾವ ಚೀಲ ಹಿಡಿದು ಹೊರಟಳು. ಅತ್ತಿಗೆ ಮುಂಬಾಗಿಲು ತೆಗೆದು, ಅವಳು ಇಳಿದ ಕೂಡಲೇ ಅಗುಳಿ ಹಾಕಿದಳು. ಹೊಸಿಲು ದಾಟಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ವ್ಯಾನು ಹೋದ ಸದ್ದು ಕೇಳಿದ ಮೇಲೆ ಹೋಗಿ ಮಗಳನ್ನು ತಬ್ಬಿಕೊಂಡು ಮಲಗಿದಳು. ಎರಡು ತಿಂಗಳಲ್ಲಿ ಅಂಥ ನಿದ್ದೆ ಬಂದಿರಲಿಲ್ಲವಂತೆ.

ಬೆಳಗಾದ ಮೇಲೆ ಎಲ್ಲರಿಗೂ ಬೇಜಾರು. ದೊಡ್ಡಮ್ಮ ಕಣ್ಣೊರೆಸಿಕೊಂಡರು. ಅತ್ತಿಗೆ ಆ ಕೋಣೆಗೆ ಔಷಧಿ ನೀರು ಹಾಕಿ ತೊಳೆದು, ಕಿಟಕಿ ಮುಚ್ಚಿ, ಬೀಗ ಜಡಿದಳು. ಸೋಂಕು ಸಾಯಲಿ, ಒಂದು ವಾರ ಯಾರೂ ಹೋಗಬೇಡಿ ಅಂದಳು. ಬೀಗದ ಕೈ ಅವಳ ಸೊಂಟದಲ್ಲೇ. ಗುಬ್ಬಿ ಅತ್ತು ರಂಪ ಮಾಡುತ್ತಾಳೆ, ಎತ್ತಿಕೊಂಡು ಸಮಾಧಾನ ಮಾಡೋಣ ಅಂತ ಕಾದಿದ್ದಳು. ಗುಬ್ಬಿ ಅಳಲಿಲ್ಲ. ಹೋಗಿ ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮಾತಾಡಿದಳು... ನಕ್ಕಳು... ತಲೆಯಾಡಿಸಿದಳು.

ಮೂರನೇ ದಿನ ಅತ್ತಿಗೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಯಾರ ಹತ್ರ ಮಾತಾಡ್ತೀಯೇ? ಚಿಕ್ಕಮ್ಮ ಹೋದ್ರಲ್ಲ."

"ಗೊತ್ತು. ಈಗ ಒಳಗಿರೋದು ಅಮ್ಮ."

"ಅಮ್ಮ ನಾನು. ಇಲ್ಲೇ ಇದ್ದೀನಲ್ಲೇ."

ಗುಬ್ಬಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನಲ್ಲ. ಬೈಯದೇ ಇರೋ ಅಮ್ಮ."

ಅತ್ತಿಗೆ ಎದ್ದು ಅಡುಗೆಮನೆಗೆ ಹೋಗಿ ಸೌಟು ತಂದಳು. ಬಾಗಿಲಿಗೆ ಒಂದು ಸಲ ಬಡಿದಳು.

ಒಳಗಿನಿಂದ... ಟಕ್ ಟಕ್.

ಬೀಗ ತೆಗೆದಳು. ಕೋಣೆ ಖಾಲಿ. ಔಷಧಿ ನೀರಿನ ವಾಸನೆ. ಕಿಟಕಿ ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಮೆಷಿನ್ ಮೇಲೆ ಮಾತ್ರ ನೀಲಿ ಬಟ್ಟೆ. ಹೋದ ವರ್ಷ ಗುಬ್ಬಿಯ ಫ್ರಾಕಿಗೆ ಅಂತ ತಂದು, ಹೊಲಿಯಲು ಪುರುಸೊತ್ತಿಲ್ಲದೆ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಬಟ್ಟೆ. ಅದನ್ನು ಯಾರೋ ಕತ್ತರಿಸಿದ್ದರು. ಒಂದು ಭುಜ ಕೂಡಿಸಿ ಆಗಿತ್ತು. ಅತ್ತಿಗೆ ಮಗುಚಿ ನೋಡಿದಳು. ಸಾಲಿನ ಕೊನೆಯಲ್ಲಿ ಮೂರು ಹೊಲಿಗೆ, ಒಂದರ ಮೇಲೊಂದು.

ಬೇರೆಯವರಾಗಿದ್ದರೆ ಕಿರುಚಿಕೊಂಡು ಓಡುತ್ತಿದ್ದರು. ಇವಳಿಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ನನಗಿಂತ ಚೆನ್ನಾಗಿ ಹೊಲಿದಿದ್ದಾಳಲ್ಲ, ಅಂತ. ಅಲ್ಲೇ ನಿಂತು ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿಹಾಕಿದಳು. ನನ್ನ ಮಗಳಿಗೆ ನಾನೇ ಹೊಲಿಯುತ್ತೇನೆ ಅಂದುಕೊಂಡಳು. ತುಂಡುಗಳನ್ನು ಮೆಷಿನ್ ಮೇಲೇ ಬಿಟ್ಟು ಬೀಗ ಹಾಕಿದಳು. ಯಾರಿಗೂ ಹೇಳಲಿಲ್ಲ. ಹೇಳಹೊರಟರೆ ಸುಳ್ಳಿನ ಬುಡಕ್ಕೇ ಬರಬೇಕಲ್ಲ.

ಮರುದಿನ ಹೊಲಿದಳಾ? ಎಲ್ಲಿಂದ... ಅಷ್ಟು ಜನರ ಅಡುಗೆ, ನೂರು ಮಾಸ್ಕು. ಸಂಜೆ ದೀಪ ಹಾಕುವ ಹೊತ್ತಿಗೆ ಗುಬ್ಬಿ ಕಾಣಲಿಲ್ಲ. ಹಿತ್ತಲು, ಮಹಡಿ, ಮಂಚದ ಕೆಳಗೆ, ಎಲ್ಲ ನೋಡಿದರು. ಮೈದುನ ಟಾರ್ಚ್ ಹಿಡಿದು ಬಾವಿ ಕಡೆ ಓಡಿದ. ಅತ್ತಿಗೆ ಹಜಾರದಲ್ಲಿ ನಿಂತು ಕಿವಿಗೊಟ್ಟಳು.

ಟಕಟಕಟಕಟಕ... ಟಕ್... ಟಕ್... ಟಕ್.

ಅದರ ಹಿಂದೆಯೇ ಗುಬ್ಬಿಯ ನಗು. ಬೀಗ ಹಾಕಿದ ಕೋಣೆಯ ಒಳಗಿನಿಂದ.

ಬೀಗ ಹೊರಗೆ ನೇತಾಡುತ್ತಿತ್ತು. ಬೀಗದ ಕೈ ಅವಳ ಸೊಂಟದಲ್ಲಿತ್ತು. ಎರಡು ಸಲ ತಪ್ಪಿ, ಮೂರನೇ ಸಲ ಕಟಕ್ ಅಂತ ಬಿಚ್ಚಿಕೊಂಡಿತು. ಕೋಣೆಯ ನಡುವೆ ಗುಬ್ಬಿ ನಿಂತಿದ್ದಳು. ಮೈಮೇಲೆ ನೀಲಿ ಫ್ರಾಕು. ಒಂದು ಸುತ್ತು ತಿರುಗಿ, ಮೆಷಿನ್ ಕಡೆ ಮುಖ ಮಾಡಿ ಕೇಳುತ್ತಿದ್ದಳು.

"ಅಮ್ಮ, ಅಳತೆ ಸರಿ ಇದೆಯಾ?"

ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಯಾರೂ ಇಲ್ಲ. ಮೆಷಿನ್ ಚಕ್ರ ಮಾತ್ರ ಇನ್ನೂ ತಿರುಗುತ್ತಿತ್ತು. ಪೆಡಲು ಕಿರ್ ಅಂತ ಕೆಳಗೆ ಹೋಯಿತು... ಮೇಲೆ ಬಂತು... ನಿಂತಿತು.

"ನಿನ್ನನ್ನ ಒಳಗೆ ಯಾರು ಬಿಟ್ರು?"

"ಅಮ್ಮ ಎತ್ಕೊಂಡು ಬಂದ್ಲು."

ಅತ್ತಿಗೆ ಮಗುವನ್ನು ಬಾಚಿ ಎತ್ತಿಕೊಂಡಳು. ಮಗು ಕೈಕಾಲು ಬಡಿಯಿತು. ಸ್ಟೂಲಿನ ಕಡೆ ಎರಡೂ ಕೈ ಚಾಚಿ 'ಅಮ್ಮ, ಅಮ್ಮ' ಅಂತ ಅತ್ತಿತು. ಹೆತ್ತವಳ ಕಂಕುಳಲ್ಲಿದ್ದುಕೊಂಡು ಅಮ್ಮ ಬೇಕು ಅಂತ ಅಳುವುದನ್ನು ಕೇಳಿದ್ದೀರಾ? ಅತ್ತಿಗೆ ಕೇಳಿದ್ದಾಳೆ. ಖಾಲಿ ಸ್ಟೂಲಿಗೆ ಹೇಳಿದಳು, ಪಿಸುಗುಟ್ಟಿದಳು. "ಏನು ಬೇಕಾದ್ರೂ ತಗೋ. ಇವಳೊಬ್ಬಳನ್ನ ಬಿಡು."

ಯಾರೋ ಹಲ್ಲಿನಲ್ಲಿ ದಾರ ಕಡಿದ ಸದ್ದು ಕೇಳಿಸಿತು. ಟಿಕ್.

ಅವಳು ಅಂಗಳಕ್ಕೆ ಓಡಿ ಬಂದು, ಮಗುವನ್ನು ಸೊಂಟದಿಂದ ಇಳಿಸದೆ, ನರ್ಸಮ್ಮನಿಗೆ ಫೋನ್ ಮಾಡಿದಳು. ಕಾಲಿಗೆ ಬೀಳುವುದೊಂದು ಬಾಕಿ.

"ನಿನ್ನನ್ನ ಯಾರೂ ಕರೆದಿರಲಿಲ್ಲ ಕಣೆ. ನಾನೇ ಸುಳ್ಳು ಹೇಳಿದೆ. ನನ್ನ ಮಗಳು ನಿನ್ನ ಹತ್ರ ನಗೋದು ನನಗೆ ನೋಡೋಕಾಗಲಿಲ್ಲ."

"ಗೊತ್ತಲ್ಲ ಅಕ್ಕ" ಅಂದಳು ನರ್ಸಮ್ಮ.

"ಅಲ್ಲಿಯವರು ಹೇಳಿದ್ರಾ?"

"ನೀವೇ ಹೇಳಿದ್ರಲ್ಲ. ಅವತ್ತು ನಾನು ವ್ಯಾನ್ ಹತ್ತೋವಾಗ ಹಿಂದೇನೇ ಓಡಿ ಬಂದ್ರಿ. ಕೈ ಹಿಡ್ಕೊಂಡು ಅತ್ರಿ. ಸುಳ್ಳು ಹೇಳ್ಬಿಟ್ಟೆ, ಹೋಗ್ಬೇಡ, ಮನೇಗೆ ಬಾ ಅಂದ್ರಿ. ಇಬ್ಬರು ಮಲಗಿದ್ದು ನಿಜ ತಾನೇ, ಅದಕ್ಕೆ ನಾನೇ ನಿಲ್ಲಲಿಲ್ಲ." ಸ್ವಲ್ಪ ತಡೆದು ಕೇಳಿದಳು, "ಅಕ್ಕ... ಮರೆತುಬಿಟ್ರಾ?"

ಅತ್ತಿಗೆ ಅಂಗಳದಿಂದ ಮುಂಬಾಗಿಲ ಕಡೆ ತಿರುಗಿ ನೋಡಿದಳು. ಅವತ್ತು ಆ ಹೊಸಿಲು ದಾಟದವಳು ಅವಳು.

ಅವತ್ತಿನಿಂದ ಮೆಷಿನ್ ಸದ್ದು ನಿಂತಿತು. ಬಸ್ಸು ಬಿಟ್ಟ ಮೇಲೆ ಬಂದವರೆಲ್ಲ ಹೋದರು. ನರ್ಸಮ್ಮ ಚೆನ್ನಾಗಿದ್ದಾಳೆ. ಇಷ್ಟೇ ಆಗಿದ್ದರೆ ನಾನೂ ಅಂದುಕೊಳ್ಳುತ್ತಿದ್ದೆ, ನಿದ್ದೆಗೆಟ್ಟ ಹೆಂಗಸಿನ ಭ್ರಮೆ ಇರಬೇಕು ಅಂತ.

ಹೋದ ವರ್ಷ ಎರಡು ದಿನ ಅಲ್ಲೇ ಉಳಿದಿದ್ದೆ. ಗುಬ್ಬಿಗೆ ಈಗ ಹನ್ನೊಂದು. ಸಂಜೆ ಹೊತ್ತು, ಮನೆಯಲ್ಲಿ ನಾವು ಮೂರೇ ಜನ. ಅತ್ತಿಗೆ ನನ್ನ ಎದುರಿಗೆ ಕೂತು ಸೂಜಿಗೆ ಪೋಣಿಸಲು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಿದ್ದಳು. ಗುಬ್ಬಿ ಬಚ್ಚಲಿನಿಂದ ಕೂಗಿದಳು, "ಅಮ್ಮಾ, ಟವೆಲ್."

"ಓ... ತಂದೆ, ಇರೇ" ಅಂತ ಉತ್ತರ ಬಂತು. ಅತ್ತಿಗೆಯದೇ ದನಿ. ಬಂದದ್ದು ಹಿಂದಿನ ಕೋಣೆಯಿಂದ.

ನಾನು ಅತ್ತಿಗೆಯ ಮುಖ ನೋಡಿದೆ. ದಾರ ಇನ್ನೂ ತುಟಿಯಲ್ಲೇ ಇತ್ತು. ಅವಳು ಅದನ್ನು ತೆಗೆದು, ಬಲು ಬೇಸರದಿಂದ ಹೇಳಿದಳು. "ನೋಡಿದ್ಯಾ? ಯಾವತ್ತೂ ನನಗಿಂತ ಮೊದಲು ಓಗೊಟ್ಟುಬಿಡ್ತಾಳೆ."

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾವಿಬ್ಬರೂ ಕೂತಲ್ಲಿಂದ ಏಳಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಸ್ವಲ್ಪ ಹೊತ್ತಿಗೆ ಗುಬ್ಬಿ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.